ಹಳೆಯ ಸ್ಪೋರ್ಟ್ಸ್ ಕಾರು ಕೊಳ್ಳುವುದೇ? ಅಮ್ಮಂದಿರೂ ಜೊತೆಗೆ ಹೋಗಿ!

ಮಕ್ಕಳು ಓದು ಮುಗಿಸಿ ಕೆಲಸಕ್ಕೆ ಸೇರಿದರೆ ಮನೆಯಲ್ಲಿ ಮೊದಲು ಏಳುವ ಮಾತು ಮದುವೆಯದು ಅಂತ ನಾವು ಅಂದುಕೊಂಡಿರುತ್ತೇವೆ. ಕಾಲ ಬದಲಾಗಿದೆ ಸೋದರಿಯರೇ, ಈಗ ಮೊದಲ ಮಾತು ಕಾರಿನದು! ಅದೂ ಮನೆಮಂದಿಯೆಲ್ಲ ಕೂತು ಧರ್ಮಸ್ಥಳಕ್ಕೆ ಹೋಗಿಬರುವಂಥ ಸಾಧುಪ್ರಾಣಿ ಕಾರಲ್ಲ. ಕಾಲಿಟ್ಟರೆ ಹಾರುವಂಥ ಜೋರಿನ ಕಾರು. ಹೊಸದಕ್ಕೆ ಹಣ ಸಾಲದು, ಹಾಗಾಗಿ ‘ಸೆಕೆಂಡ್ ಹ್ಯಾಂಡ್’.

ಇಂಥ ಮಾತು ಬಂದಾಗ ನಾವು ಗೃಹಿಣಿಯರು ಏನು ಮಾಡುತ್ತೇವೆ? “ನನಗೇನು ತಿಳಿಯುತ್ತೆ, ನೀವು ಗಂಡಸರೇ ನೋಡ್ಕೊಳ್ಳಿ” ಅಂತ ಹೇಳಿ ಕಾಫಿ ಸೋಸಲು ಒಳಗೆ ಹೋಗಿಬಿಡುತ್ತೇವೆ. ಆದರೆ ಕೊಡುವ ಹಣದಲ್ಲಿ ನಾವು ಕಟ್ಟಿದ ಚೀಟಿಯ ಪಾಲೂ ಇರುತ್ತದೆ. ಆ ಕಾರಿನೊಳಗೆ ಕೂರುವವನು ನಾವು ಹೆತ್ತ ಮಗ. ಅಂದಮೇಲೆ ನಮಗೆ ಸಂಬಂಧವಿಲ್ಲದ ವಿಷಯ ಅಂತ ಹೇಗೆ ಸುಮ್ಮನಿರೋದು, ನೀವೇ ಹೇಳಿ?

ಹೋದ ವರ್ಷ ನಮ್ಮ ಮನೆಯಲ್ಲೂ ಈ ಮಾತು ಬಂತು. ಬೆಂಗಳೂರಿನಲ್ಲಿ ಕೆಲಸದಲ್ಲಿರುವ ಮಗನಿಗೆ ಪೋಲೋ ಜಿ.ಟಿ. ಕಾರಿನ ಮೇಲೆ ಮನಸ್ಸು. ಮೂರು ಭಾನುವಾರ ಅವನ ಜೊತೆ ಸುತ್ತಿ ನಾಲ್ಕು ಕಾರು ನೋಡಿದೆವು. ನಾನು ಕಾರು ಓಡಿಸುವವಳಲ್ಲ, ಓದಿದ್ದು ಹೈಸ್ಕೂಲಿನವರೆಗೆ. ಆದರೂ ಹೇಳುತ್ತೇನೆ: ಹಳೆಯ ಕಾರಿನ ಪರೀಕ್ಷೆಯಲ್ಲಿ ಅರ್ಧಕ್ಕಿಂತ ಹೆಚ್ಚಿನದು ಕಣ್ಣು, ಮೂಗು, ಕೈಗಳಿಂದ ಆಗುವ ಕೆಲಸ. ಬೇಳೆಯಲ್ಲಿ ಹುಳು ಹುಡುಕುವವರಿಗೆ, ಸೀರೆಯ ಸೆರಗು ತಿರುವಿ ನೂಲು ನೋಡುವವರಿಗೆ ಅದು ಕಷ್ಟವೇ?

ಮೊದಲು ಹಣದ ಲೆಕ್ಕ

ಪೋಲೋ ಜಿ.ಟಿ. ಟಿ.ಎಸ್.ಐ. ಎಂಬುದು ಎರಡೇ ಸೀಟಿನ ನಿಜವಾದ ಸ್ಪೋರ್ಟ್ಸ್ ಕಾರಲ್ಲ. ಮನೆಬಳಕೆಯ ಪುಟ್ಟ ಕಾರಿಗೆ ಜೋರಿನ ಎಂಜಿನ್ ಕೂರಿಸಿದ್ದು. 2013ರಲ್ಲಿ ಬಂದಾಗ ಅದಕ್ಕಿದ್ದದ್ದು 1.2 ಲೀಟರಿನ ಟರ್ಬೊ ಪೆಟ್ರೋಲ್ ಎಂಜಿನ್, 105 ಅಶ್ವಶಕ್ತಿ, ತಾನೇ ಗೇರು ಬದಲಿಸಿಕೊಳ್ಳುವ ಏಳು ಗೇರಿನ ಪೆಟ್ಟಿಗೆ. 2020ರಲ್ಲಿ ಅದರ ಜಾಗಕ್ಕೆ 1.0 ಲೀಟರಿನ ಎಂಜಿನ್ ಬಂತು. 2022ರಲ್ಲಿ ಪೋಲೋ ಕಾರನ್ನು ನಮ್ಮ ದೇಶದಲ್ಲಿ ತಯಾರಿಸುವುದೇ ನಿಂತಿತು. ಇದೇ ಜಾತಿಯ ಇನ್ನೆರಡು ಹೆಸರು ನಿಮ್ಮ ಮಕ್ಕಳ ಬಾಯಲ್ಲೂ ಬಂದೀತು: 2015ರಲ್ಲಿ ಬಂದ ಫಿಯೆಟ್ ಅಬಾರ್ತ್ ಪುಂಟೊ, 145 ಅಶ್ವಶಕ್ತಿಯದು, 2017ರಲ್ಲಿ ಬಂದ ಬಲೆನೊ ಆರ್.ಎಸ್. ಈ ಎರಡೂ ಈಗ ಹೊಸದಾಗಿ ಸಿಗುವುದಿಲ್ಲ. ಹಾಗಾಗಿ ಕೊಳ್ಳುವ ಮೊದಲೇ ಒಂದು ಪ್ರಶ್ನೆ ಕೇಳಿ: ಇದರ ಬಿಡಿಭಾಗ ಎಲ್ಲಿ ಸಿಗುತ್ತೆ? ರಿಪೇರಿ ಬಲ್ಲವರು ನಮ್ಮ ಊರಿಗೆ ಎಷ್ಟು ದೂರದಲ್ಲಿದ್ದಾರೆ?

ಹಾಸಿಗೆ ಇದ್ದಷ್ಟು ಕಾಲು ಚಾಚು ಅಂತಾರೆ. ಹಳೆಯ ಕಾರಿಗಾದರೆ ಹಾಸಿಗೆಗಿಂತ ಒಂದು ಗೇಣು ಕಡಿಮೆಯೇ ಚಾಚಬೇಕು. ಕೈಯಲ್ಲಿ ಐದು ಲಕ್ಷ ಇದ್ದರೆ ನಾಲ್ಕೂಕಾಲು ಲಕ್ಷದ ಕಾರು ನೋಡಿ. ಉಳಿದ ಎಪ್ಪತ್ತೈದು ಸಾವಿರ ಬ್ಯಾಂಕಿನಲ್ಲೇ ಇರಲಿ. ಮನೆಗೆ ಬಂದ ತಿಂಗಳಲ್ಲೇ ಎಂಜಿನ್ ಆಯಿಲು, ಫಿಲ್ಟರು, ಬ್ರೇಕ್ ಪ್ಯಾಡು, ಬ್ಯಾಟರಿ, ಕೆಲವೊಮ್ಮೆ ನಾಲ್ಕೂ ಟೈರು ಅಂತ ಖರ್ಚು ಬರುತ್ತದೆ. ವಿಮೆಯ ಕಂತನ್ನೂ ಮೊದಲೇ ವಿಚಾರಿಸಿ. ಎದುರಿನವರಿಗೆ ಆಗುವ ನಷ್ಟದ ವಿಮೆಯ ದರ ಎಂಜಿನ್ನಿನ ಗಾತ್ರದ ಮೇಲೆ ಹೋಗುತ್ತದೆ: 1000 ಸಿ.ಸಿ.ವರೆಗೆ ಒಂದು ದರ, 1500ರವರೆಗೆ ಇನ್ನೊಂದು, ಅದಕ್ಕೂ ಮೇಲಾದರೆ ಮತ್ತೊಂದು.

ಹೆಸರು ಒಂದೇ, ಹೂರಣ ಬೇರೆ

ಒಂದೇ ಹೆಸರಿನ ಕಾರಿನಲ್ಲಿ ನಾಲ್ಕೈದು ನಮೂನೆ ಇರುತ್ತದೆ. ಹೊರಗಿನಿಂದ ನೋಡಿದರೆ ಎಲ್ಲ ಒಂದೇ ಹೋಳಿಗೆ. ಮುರಿದರೆ ತಾನೇ ಕಾಯಿಯದೋ ಬೇಳೆಯದೋ ತಿಳಿಯೋದು! ಸಾಮಾನ್ಯ ಕಾರಿಗೆ ‘ಜಿ.ಟಿ.’ ಅಕ್ಷರ ಅಂಟಿಸಿ ಮಾರುವವರೂ ಉಂಟು. 1.2 ಲೀಟರಿನ ಜಿ.ಟಿ. ಟಿ.ಎಸ್.ಐ. ಅಂತ ಹೇಳಿದರೆ ಕಾಲಿನ ಹತ್ತಿರ ಬಗ್ಗಿ ನೋಡಿ. ಅದಕ್ಕೆ ಕ್ಲಚ್ ಇಲ್ಲ, ಎರಡೇ ಪೆಡಲು. ಮೂರು ಪೆಡಲು ಕಂಡರೆ ಅದು ಬೇರೆ ಕಾರು. ಆಮೇಲೆ ಆರ್.ಸಿ. ಪುಸ್ತಕದಲ್ಲಿ ಮಾಡೆಲ್ಲಿನ ಹೆಸರು ಓದಿ ತಾಳೆ ನೋಡಿ.

ಮಕ್ಕಳು ಕೇಳುವುದು ದೊಡ್ಡ ಚಕ್ರ, ಕೆಂಪು ಹೊಲಿಗೆಯ ಸೀಟು, ದೊಡ್ಡ ಪರದೆ, ಹಾಡಿನ ಪೆಟ್ಟಿಗೆ. ಕೇಳಲಿ, ವಯಸ್ಸು. ಆದರೆ ಅಮ್ಮನ ಪಟ್ಟಿಯಲ್ಲಿ ಮೊದಲು ಇರಬೇಕಾದ್ದು ಏರ್‌ಬ್ಯಾಗು, ಎ.ಬಿ.ಎಸ್. ಬ್ರೇಕು ಮತ್ತು ಸರಿಯಾದ ಟೈರು. ಯಾಕೆ ಅಂತೀರಾ? 2014ರ ಜನವರಿಯಲ್ಲಿ ಗ್ಲೋಬಲ್ ಎನ್‌ಕ್ಯಾಪ್ ಸಂಸ್ಥೆ ನಮ್ಮ ದೇಶದ ಐದು ಕಾರುಗಳನ್ನು ಗಂಟೆಗೆ 64 ಕಿಲೋಮೀಟರ್ ವೇಗದಲ್ಲಿ ಗುದ್ದಿಸಿ ಪರೀಕ್ಷೆ ಮಾಡಿತು. ಏರ್‌ಬ್ಯಾಗಿಲ್ಲದ ಪೋಲೋ ಕಾರಿಗೆ ದೊಡ್ಡವರ ರಕ್ಷಣೆಯಲ್ಲಿ ಸಿಕ್ಕ ನಕ್ಷತ್ರ ಸೊನ್ನೆ. ಎರಡು ಏರ್‌ಬ್ಯಾಗ್ ಇದ್ದ ಪೋಲೋಗೆ ನಾಲ್ಕು. ಹೆಸರು ಅದೇ, ಮೈಕಟ್ಟು ಅದೇ. ಒಳಗಿನ ಎರಡು ಚೀಲದಿಂದ ಎಷ್ಟು ವ್ಯತ್ಯಾಸ ನೋಡಿ!

ಹೊಸ ಕಾರಿಗೆ ಇವೆಲ್ಲ ಕಡ್ಡಾಯವಾದದ್ದು ಇತ್ತೀಚೆಗೆ. ಎಲ್ಲ ಹೊಸ ಕಾರುಗಳಿಗೂ ಎ.ಬಿ.ಎಸ್. 2019ರ ಏಪ್ರಿಲ್‌ನಿಂದ ಬಂತು, ಚಾಲಕನ ಮುಂದಿನ ಏರ್‌ಬ್ಯಾಗ್ 2019ರ ಜುಲೈನಿಂದ, ಪಕ್ಕದ ಸೀಟಿನದು 2021ರಲ್ಲಿ. ಅದಕ್ಕಿಂತ ಹಿಂದಿನ ಕಾರಾದರೆ “ಇದ್ದೇ ಇರುತ್ತೆ ಬಿಡಿ” ಅನ್ನುವ ಮಾತನ್ನು ನಂಬಬೇಡಿ, ನೋಡಿ.

ನೋಡೋದು ಹೇಗೆ? ಸುಲಭ. ಎಂಜಿನ್ ಚಾಲೂ ಮಾಡದೆ ಬೀಗದ ಕೈ ತಿರುಗಿಸಿದಾಗ ಮುಂದಿನ ಫಲಕದಲ್ಲಿ ದೀಪಗಳೆಲ್ಲ ಹತ್ತುತ್ತವೆ. ಅದರಲ್ಲಿ ಕುಳಿತ ಮನುಷ್ಯನ ಮುಂದೆ ಬಲೂನು ಇರುವ ಗುರುತು ಏರ್‌ಬ್ಯಾಗಿನದು. ಅದು ಹತ್ತಬೇಕು, ಕೆಲವು ಕ್ಷಣದಲ್ಲಿ ಆರಬೇಕು. ಆರದೇ ಇದ್ದರೆ ದೋಷವಿದೆ. ಹತ್ತಲೇ ಇಲ್ಲವಾದರೆ ಇನ್ನೂ ಅನುಮಾನ: ಏರ್‌ಬ್ಯಾಗ್ ಒಮ್ಮೆ ಉಬ್ಬಿ ಒಡೆದಮೇಲೆ ಹೊಸದು ಹಾಕಿಸದೆ ದೀಪವನ್ನೇ ಕಿತ್ತಿರಬಹುದು. ನಾವು ನೋಡಿದ ಎರಡನೆಯ ಕಾರಿನಲ್ಲಿ ಹೀಗೇ ಆಯಿತು. ಬಣ್ಣ ಫಳಫಳ, ಚಕ್ರ ಫಳಫಳ, ಆ ದೀಪ ಮಾತ್ರ ಹತ್ತಲಿಲ್ಲ. “ಬಲ್ಬು ಹೋಗಿದೆ ಮೇಡಂ” ಅಂದರು ಮಾರುವವರು. “ಹಾಗಾದ್ರೆ ಬಲ್ಬು ಹಾಕಿಸಿ ಫೋನ್ ಮಾಡಿ” ಅಂದೆ. ಫೋನು ಬರಲಿಲ್ಲ!

ಕಣ್ಣು, ಮೂಗು, ಕೈ

ಕಾರು ನೋಡಲು ಹಗಲು ಹೊತ್ತಿನಲ್ಲೇ ಹೋಗಿ. ಮಳೆ ಬಿದ್ದು ಮೈ ಒದ್ದೆಯಾಗಿದ್ದರೆ ಹಳೆಯ ಕಾರೂ ಹೊಸದಾಗಿ ಕಾಣುತ್ತದೆ.

ಬಾಗಿಲು, ಬಾನೆಟ್ಟು, ಡಿಕ್ಕಿಯ ಸಂದುಗಳು ಎರಡೂ ಕಡೆ ಒಂದೇ ಸಮ ಇವೆಯೇ ನೋಡಿ. ಒಂದು ಬಾಗಿಲಿನ ಬಣ್ಣ ಪಕ್ಕದ್ದಕ್ಕಿಂತ ತುಸು ಬೇರೆಯಾಗಿ ಕಂಡರೆ ಅಲ್ಲಿ ಪೆಟ್ಟು ಬಿದ್ದಿದೆ ಅಂತ ತಿಳಿಯಿರಿ. ಫ್ರಿಜ್ಜಿಗೆ ಅಂಟಿಸುವ ಅಯಸ್ಕಾಂತವನ್ನು ಬಟ್ಟೆಯಲ್ಲಿ ಸುತ್ತಿ ಒಯ್ಯಿರಿ. ತಗಡಿಗೆ ಅಂಟುವ ಅದು ಬಾಗಿಲಿನ ಒಂದು ಜಾಗದಲ್ಲಿ ಮಾತ್ರ ಜಾರಿದರೆ, ಅಲ್ಲಿ ಬಣ್ಣದ ಕೆಳಗೆ ದಪ್ಪ ಲಂಬ ಮೆತ್ತಿದ್ದಾರೆ ಅಂತ ಅರ್ಥ. ಬಂಪರು ಪ್ಲಾಸ್ಟಿಕ್ಕಿನದು, ಅಲ್ಲಿ ಹೇಗೂ ಅಂಟುವುದಿಲ್ಲ. ಡಿಕ್ಕಿಯ ತಳದ ಹಾಸು ಎತ್ತಿ ಸ್ಟೆಪ್ನಿ ಇಡುವ ಗುಂಡಿಯನ್ನೂ ನೋಡಿ. ಹಿಂದಿನಿಂದ ಗುದ್ದಿಸಿಕೊಂಡ ಕಾರಾದರೆ ಅಲ್ಲಿ ಸುಕ್ಕು, ಹೊಸ ಬೆಸುಗೆ ಕಾಣುತ್ತದೆ. ಸಣ್ಣ ಗೀರು, ಬಂಪರಿಗೆ ಹೊಸ ಬಣ್ಣ ಇವೆಲ್ಲ ಚಿಂತೆಯ ಮಾತಲ್ಲ, ಬೆಲೆ ಇಳಿಸುವ ಮಾತು.

ಒಳಗೆ ಕೂತು ಕಿಟಕಿ ಏರಿಸಿ ಒಂದು ಸಲ ಉಸಿರೆಳೆದುಕೊಳ್ಳಿ. ಮಳೆಗಾಲದಲ್ಲಿ ಬಿಸಿಲು ಕಾಣದ ಹಾಸಿಗೆಯಂಥ ಮುಗ್ಗಲು ವಾಸನೆ ಬಂದರೆ ಎಚ್ಚರ. 2022ರ ಸೆಪ್ಟೆಂಬರ್‌ನಲ್ಲಿ ಬೆಂಗಳೂರಿನ ಔಟರ್ ರಿಂಗ್ ರೋಡಿನ ಸುತ್ತ ನೀರು ನುಗ್ಗಿ ದುಬಾರಿ ಕಾರುಗಳೆಲ್ಲ ಮುಳುಗಿದ್ದನ್ನು ಟಿ.ವಿ.ಯಲ್ಲಿ ನೀವೂ ನೋಡಿರುತ್ತೀರಿ. 2015ರಲ್ಲಿ ಚೆನ್ನೈ, 2018ರಲ್ಲಿ ಕೇರಳ ಮತ್ತು ನಮ್ಮ ಕೊಡಗಿನಲ್ಲೂ ನೆರೆ ಬಂದಿತ್ತು. ನೀರಲ್ಲಿ ನಿಂತ ಕಾರನ್ನು ತೊಳೆದು, ಸೆಂಟು ಹೊಡೆದು ಮಾರಬಹುದು. ಆದರೆ ವೈರುಗಳೊಳಗಿನ ಕಿಲುಬು ತೊಳೆಯಲಾಗದು. ವರ್ಷವಾದ ಮೇಲೆ ಒಂದೊಂದೇ ಕೆಟ್ಟು ನಿಲ್ಲುತ್ತದೆ.

ಇದನ್ನು ಹಿಡಿಯಲು ಸೀಟ್ ಬೆಲ್ಟನ್ನು ಕೊನೆಯವರೆಗೂ ಎಳೆಯಿರಿ. ಅದನ್ನು ಪೂರ್ತಿ ಬಿಚ್ಚಿ ತೊಳೆಯುವ ತಾಳ್ಮೆ ಯಾರಿಗೂ ಇರುವುದಿಲ್ಲ. ನಾವು ನೋಡಿದ ಮೊದಲನೆಯ ಕಾರಿನಲ್ಲಿ ಬೆಲ್ಟಿನ ತುದಿಯಲ್ಲಿ ಸೀರೆಯ ಅಂಚಿನ ಹಾಗೆ ಮಣ್ಣಿನ ಗೆರೆ ಇತ್ತು. ಸೀಟಿನ ಕೆಳಗಿನ ಕಂಬಿಗಳಲ್ಲಿ ತುಕ್ಕು. ಮಗ ಅಷ್ಟು ಹೊತ್ತೂ ಎಂಜಿನ್ನಿನ ಹೊಗಳಿಕೆಯಲ್ಲಿದ್ದವನು ಆ ಗೆರೆ ನೋಡಿ ಸುಮ್ಮನಾದ.

ಮೀಟರಿನಲ್ಲಿ ಮೂವತ್ತು ಸಾವಿರ ಕಿಲೋಮೀಟರ್ ಅಂತ ಇದ್ದು, ಬ್ರೇಕ್ ಪೆಡಲಿನ ರಬ್ಬರು ಸವೆದು ನುಣ್ಣಗಾಗಿದ್ದರೆ, ಸ್ಟೀರಿಂಗಿನ ಚರ್ಮ ಎಣ್ಣೆ ಹಚ್ಚಿದಂತೆ ಹೊಳೆಯುತ್ತಿದ್ದರೆ ಮೀಟರನ್ನು ಹಿಂದಕ್ಕೆ ತಿರುಗಿಸಿದ್ದಾರೆ ಅಂತ ಅನುಮಾನಿಸಿ. ಸರ್ವೀಸ್ ಬಿಲ್ಲುಗಳಲ್ಲಿ ಪ್ರತಿ ಸಲವೂ ಕಿಲೋಮೀಟರ್ ಬರೆದಿರುತ್ತಾರೆ. ಹಾಲಿನ ಲೆಕ್ಕ ನೋಡುವ ಹಾಗೆ ತಾರೀಕಿನ ಪ್ರಕಾರ ಜೋಡಿಸಿ ನೋಡಿ, ಸುಳ್ಳು ತಾನಾಗಿ ಸಿಕ್ಕಿಬೀಳುತ್ತದೆ.

ಟೈರಿನ ಪಕ್ಕೆಯಲ್ಲಿ ನಾಲ್ಕು ಅಂಕಿ ಒತ್ತಿರುತ್ತದೆ. 2319 ಅಂತಿದ್ದರೆ 2019ನೇ ಇಸವಿಯ 23ನೇ ವಾರ ಆದದ್ದು ಅಂತ. ಐದಾರು ವರ್ಷ ಮೀರಿದ ಟೈರಿನ ರಬ್ಬರು ಗಡುಸಾಗಿ ಬಿರುಕು ಬಿಟ್ಟಿರುತ್ತದೆ. ಗೆರೆ ಚೆನ್ನಾಗಿ ಕಂಡರೂ ಜೋರಾಗಿ ಓಡಿಸುವ ಕಾರಿಗೆ ಅದು ಸಲ್ಲದು. ಗೆರೆಯ ಆಳ 1.6 ಮಿಲಿಮೀಟರ್‌ಗಿಂತ ಕಡಿಮೆಯಾಗಿದ್ದರೆ ಟೈರು ಬದಲಿಸಲೇಬೇಕು. ಒಂದೇ ಅಂಚು ಸವೆದಿದ್ದರೆ ಚಕ್ರದ ಅಲೈನ್‌ಮೆಂಟ್ ಕೆಟ್ಟಿದೆ, ಅಥವಾ ಅಡಿಭಾಗಕ್ಕೆ ಪೆಟ್ಟು ಬಿದ್ದಿದೆ.

ತಣ್ಣಗಿನ ಎಂಜಿನ್ನೇ ನಿಜ ಹೇಳೋದು

ನೀವು ಹೋಗುವ ಮೊದಲೇ ಎಂಜಿನ್ ಚಾಲೂ ಮಾಡಿ ಬಿಸಿ ಮಾಡಿಡಬೇಡಿ ಅಂತ ಹೇಳಿ. ಹೋದ ಕೂಡಲೇ ಬಾನೆಟ್ಟಿನ ಮೇಲೆ ಅಂಗೈ ಇಟ್ಟು ನೋಡಿ. ಬಿಸಿಯಿದ್ದರೆ, ಮೊದಲ ಸಲ ಚಾಲೂ ಆಗುವಾಗ ಬರುವ ಸದ್ದು, ಹೊಗೆ ನಿಮಗೆ ತಿಳಿಯಬಾರದು ಅಂತಲೇ ಇರಬಹುದು.

ಹೊಗೆ ನೀಲಿಯಾಗಿದ್ದರೆ ಎಂಜಿನ್ ಆಯಿಲು ಉರಿಯುತ್ತಿದೆ. ಕಪ್ಪಾಗಿದ್ದರೆ ಪೆಟ್ರೋಲ್ ಹೆಚ್ಚು ಕುಡಿಯುತ್ತಿದೆ. ಬೆಳ್ಳಗೆ ದಟ್ಟವಾಗಿ, ನಿಲ್ಲದೆ, ಸಿಹಿ ವಾಸನೆಯೊಂದಿಗೆ ಬಂದರೆ ರೇಡಿಯೇಟರಿನ ನೀರು ಎಂಜಿನ್ನಿನೊಳಗೆ ಹೋಗುತ್ತಿದೆ. ಚಳಿಯ ಬೆಳಿಗ್ಗೆ ಒಂದೆರಡು ನಿಮಿಷ ಬರುವ ಬಿಳಿ ಆವಿಗೆ ಹೆದರಬೇಡಿ. ಆಯಿಲು ಹಾಕುವ ಮುಚ್ಚಳ ತೆಗೆದು ಒಳಮೈ ನೋಡಿ. ಅಲ್ಲಿ ಮಜ್ಜಿಗೆ ಕಡೆದಾಗ ಬರುವಂಥ ನೊರೆ ಕಂಡರೆ ಆಯಿಲಿಗೆ ನೀರು ಸೇರಿರಬಹುದು. ಮೆಕ್ಯಾನಿಕ್ಕನ್ನು ಕೇಳದೆ ಮುಂದೆ ಹೋಗಬೇಡಿ.

ಟರ್ಬೊ ಅಂದರೇನು ಅಂತ ನಾನೂ ಮಗನನ್ನು ಕೇಳಿ ತಿಳಿದುಕೊಂಡೆ. ಎಂಜಿನ್ನಿಂದ ಹೊರಬರುವ ಹೊಗೆಯ ರಭಸಕ್ಕೇ ತಿರುಗುವ ಪುಟ್ಟ ಫ್ಯಾನು ಅದು. ಊದುಗೊಳವೆಯಿಂದ ಒಲೆ ಊದಿದ ಹಾಗೆ ಎಂಜಿನ್ನಿಗೆ ಹೆಚ್ಚು ಗಾಳಿ ತುಂಬುತ್ತದೆ. ಸಣ್ಣ ಎಂಜಿನ್ನಿಗೂ ಜೋರು ಬರುತ್ತದೆ. ನಿಮಿಷಕ್ಕೆ ಲಕ್ಷಕ್ಕೂ ಮೀರಿ ಸುತ್ತುವ ಅದನ್ನು ಕಾಪಾಡುವುದು ಒಳ್ಳೆಯ ಆಯಿಲು ಮಾತ್ರ. ಆದ್ದರಿಂದ ಟರ್ಬೊ ಕಾರಿನಲ್ಲಿ ಹೊತ್ತಿಗೆ ಸರಿಯಾಗಿ ಆಯಿಲು ಬದಲಿಸಿದ ಬಿಲ್ಲುಗಳಿಲ್ಲ ಅಂದರೆ, ಬೆಲೆ ಎಷ್ಟೇ ಇಳಿಸಿದರೂ ಬೇಡ. ಅಗ್ಗದ ಆಸೆಗೆ ಮುಗ್ಗಲು ಜೋಳ ಕೊಂಡಂತಾದೀತು.

ಜೋರಿನ ಕಾರುಗಳ ಇನ್ನೊಂದು ರೋಗ ‘ಟ್ಯೂನಿಂಗ್’. ಕಂಪ್ಯೂಟರಿನಲ್ಲಿ ಲೆಕ್ಕ ಬದಲಿಸಿ ಎಂಜಿನ್ನಿಂದ ಹೆಚ್ಚು ಶಕ್ತಿ ಹಿಂಡುವುದು, ಗುಡುಗುಡು ಸೈಲೆನ್ಸರು ಹಾಕಿಸುವುದು. ಕಂಪೆನಿ ಮಾಡಿದ ರೂಪಕ್ಕೆ ವಿರುದ್ಧವಾಗಿ ವಾಹನವನ್ನು ಮಾರ್ಪಡಿಸುವಂತಿಲ್ಲ ಅಂತ ಸುಪ್ರೀಂ ಕೋರ್ಟು 2019ರ ಜನವರಿಯಲ್ಲಿ ಹೇಳಿದೆ. ಅಪಘಾತವಾದಾಗ ವಿಮೆಯವರೂ ಇದನ್ನೇ ಹಿಡಿದುಕೊಂಡಾರು. ಮೂಲ ರೂಪದಲ್ಲಿರುವ ಕಾರನ್ನೇ ಹುಡುಕಿ.

ಓಡಿಸಿ ನೋಡುವಾಗ

ಮಗ ಓಡಿಸಲಿ, ನೀವು ಹಿಂದೆ ಕೂತು ಕಿವಿಗೊಡಿ. ಹಾಡು ಬಂದ್ ಮಾಡಿಸಿ. ಮೈದಾನದಲ್ಲಿ ಸ್ಟೀರಿಂಗನ್ನು ಪೂರ್ತಿ ಒಂದು ಕಡೆ ತಿರುಗಿಸಿ ನಿಧಾನ ಸುತ್ತಿಸಿದಾಗ ‘ಕಟ್ ಕಟ್’ ಸದ್ದು ಬಂದರೆ ಆ್ಯಕ್ಸಲ್ಲಿನ ಜಾಯಿಂಟು ಸವೆದಿದೆ. ಉಬ್ಬಿನ ಮೇಲೆ ‘ದಡ್’ ಅಂದರೆ ಸಸ್ಪೆನ್ಷನ್ನಿನ ಕೆಲಸವಿದೆ. ಬ್ರೇಕ್ ಒತ್ತಿದಾಗ ಕಾರು ಒಂದು ಪಕ್ಕಕ್ಕೆ ಎಳೆಯಬಾರದು, ಸ್ಟೀರಿಂಗ್ ನಡುಗಬಾರದು.

ಏಳು ಗೇರಿನ ಆ ಪೆಟ್ಟಿಗೆಯಲ್ಲಿ ಎರಡು ಕ್ಲಚ್ಚು ಇರುತ್ತವೆ. ನಿಂತು ನಿಂತು ಹೋಗುವ ಟ್ರಾಫಿಕ್ಕಿನಲ್ಲೇ ಅದರ ಗುಣ ತಿಳಿಯೋದು. ಒಂದರಿಂದ ಎರಡನೇ ಗೇರಿಗೆ ಹೋಗುವಾಗ ಕುಲುಕಿದರೆ, ಏರಿನಲ್ಲಿ ಹಿಂಜರಿದರೆ ರಿಪೇರಿ ಲಕ್ಷದ ಮಾತಾಗಬಹುದು. ಆದ್ದರಿಂದ ಸಾವಿರ, ಎರಡು ಸಾವಿರ ಕೊಟ್ಟಾದರೂ ಆ ಕಂಪೆನಿಯ ಕಾರು ಬಲ್ಲ ಮೆಕ್ಯಾನಿಕ್ಕಿನಿಂದ ಸ್ಕ್ಯಾನರ್ ಹಾಕಿಸಿ, ಕೆಳಗಿನಿಂದಲೂ ನೋಡಿಸಿ. ಮಾರುವವರು ತೋರಿಸುವ ಮೆಕ್ಯಾನಿಕ್ ಬೇಡ, ನಿಮ್ಮವರೇ ಆಗಲಿ. “ಪರೀಕ್ಷೆ ಮಾಡಿಸೋಕೆ ಬಿಡಲ್ಲ” ಅಂದರೆ ನಮಸ್ಕಾರ ಹೇಳಿ ಬಂದುಬಿಡಿ.

ಎರಡೂ ಬೀಗದ ಕೈ ಕೇಳಲು ಮರೆಯಬೇಡಿ. ಈಗಿನ ಕೀಲಿಯೊಳಗೆ ಚಿಪ್ಪು ಇರುತ್ತದೆ, ಇನ್ನೊಂದು ಮಾಡಿಸಲು ಸಾವಿರಗಟ್ಟಲೆ ಬೇಕು. ಸ್ಟೆಪ್ನಿ, ಜಾಕು, ಪಾನ ಇವೆಯೇ ಅಂತಲೂ ನೋಡಿ.

ಕಾಗದಪತ್ರದ ಕೆಲಸ

ಮೂರನೆಯ ಕಾರು ಎಲ್ಲ ವಿಧದಲ್ಲೂ ಚೆನ್ನಾಗಿತ್ತು. ಮಗನಿಗೆ ಅದೇ ಬೇಕು ಅಂತ ಆಸೆ. ಆದರೆ ಆರ್.ಸಿ.ಯಲ್ಲಿ ಬ್ಯಾಂಕಿನ ಸಾಲ ಹಾಗೇ ಇತ್ತು. “ಹಣ ಕೊಡಿ, ಸಾಲ ತೀರಿಸಿ ಕಾಗದ ಕೊಡ್ತೀವಿ” ಅಂದರು. ನಮ್ಮ ಯಜಮಾನರು ಒಪ್ಪಲಿಲ್ಲ, ನಾನೂ ಒಪ್ಪಲಿಲ್ಲ. ಬ್ಯಾಂಕಿನ ಎನ್.ಒ.ಸಿ. ಮತ್ತು ಫಾರಂ 35 ಕೈಗೆ ಬಂದು, ಆರ್.ಸಿ.ಯಿಂದ ಸಾಲದ ನಮೂದು ಹೋಗದೆ ಪೂರ್ತಿ ಹಣ ಕೊಡಬಾರದು. ಮೂರು ದಿನ ಮಗ ಮಾತಾಡಲಿಲ್ಲ, ನಾಲ್ಕನೆಯ ದಿನ ತಾನೇ ಫೋನ್ ಮಾಡಿದ.

ಎಂಪರಿವಾಹನ್ ಎಂಬ ಸರಕಾರಿ ಆ್ಯಪ್ ಫೋನಿನಲ್ಲೇ ಸಿಗುತ್ತದೆ. ಕಾರಿನ ನಂಬರು ಹಾಕಿದರೆ ನೋಂದಣಿಯ ತಾರೀಕು, ವಿಮೆಯ ಗಡುವು ಮುಂತಾದ ವಿವರ ಬರುತ್ತದೆ. ಬಾಕಿ ದಂಡ ಇದೆಯೇ ಅಂತಲೂ ನೋಡಿಸಿ. ಆರ್.ಸಿ.ಯಲ್ಲಿರುವ ಚಾಸಿ ನಂಬರು ಕಾರಿನ ಮೇಲೆ ಕೊರೆದ ನಂಬರಿಗೆ ಅಂಕಿ ಅಂಕಿಯೂ ಹೊಂದಬೇಕು. ಹೊರರಾಜ್ಯದ ಕಾರು ಅಗ್ಗ ಅಂತ ಕಂಡರೆ ಅಲ್ಲಿನ ಆರ್.ಟಿ.ಒ. ಎನ್.ಒ.ಸಿ. ಬೇಕು, ನಮ್ಮಲ್ಲಿ ಆಜೀವ ತೆರಿಗೆ ಬೇರೆ ಕಟ್ಟಬೇಕು. ಅದನ್ನು ಕೂಡಿಸಿದರೆ ಅಗ್ಗ ಎಲ್ಲಿ ಉಳಿಯಿತು? ಖಾಸಗಿ ಕಾರಿನ ನೋಂದಣಿ 15 ವರ್ಷಕ್ಕೆ ಮಾತ್ರ ಅನ್ನೋದೂ ನೆನಪಿರಲಿ. ಆಮೇಲೆ ಪರೀಕ್ಷೆ ಮಾಡಿಸಿ ಐದೈದು ವರ್ಷಕ್ಕೆ ನವೀಕರಿಸಬೇಕು.

ಹಣವನ್ನು ಬ್ಯಾಂಕಿನ ಮೂಲಕವೇ ಕೊಡಿ. ಎರಡು ಲಕ್ಷ ರೂಪಾಯಿ ಅಥವಾ ಅದಕ್ಕೂ ಹೆಚ್ಚನ್ನು ಒಬ್ಬರಿಂದ ನಗದಾಗಿ ಪಡೆಯುವಂತಿಲ್ಲ ಅಂತ 2017ರಿಂದ ಕಾನೂನಿದೆ. ಕಾರು ಕೈಗೆ ಬಂದ ದಿನ, ಗಂಟೆ ಬರೆದು ಇಬ್ಬರೂ ಸಹಿ ಮಾಡಿದ ಪತ್ರ ಇರಲಿ. ಹೆಸರು ಬದಲಾವಣೆಗೆ ಫಾರಂ 29 ಮತ್ತು 30. ಒಂದೇ ರಾಜ್ಯದೊಳಗಾದರೆ ಮಾರಿದವರು 14 ದಿನದಲ್ಲಿ ತಿಳಿಸಬೇಕು, ಕೊಂಡವರು 30 ದಿನದಲ್ಲಿ ಅರ್ಜಿ ಕೊಡಬೇಕು. ವಿಮೆ ನಿಮ್ಮ ಹೆಸರಿಗೆ ಆಗಲು 14 ದಿನದೊಳಗೆ ವಿಮಾ ಕಂಪೆನಿಗೆ ಬರೆಯಿರಿ. ಅವರ ‘ನೋ ಕ್ಲೇಮ್ ಬೋನಸ್’ ನಿಮಗೆ ಬರುವುದಿಲ್ಲ, ಆ ರಿಯಾಯಿತಿಯ ಲೆಕ್ಕದಲ್ಲಿ ಬೆಲೆ ಹೆಚ್ಚು ಕೊಡಬೇಡಿ.

ಮನೆಯ ಹಳೆಯ ಕಾರು ಮಾರುವವರಿಗೂ ಈ ಮಾತು ಮುಖ್ಯ. ಕಾರು ಮಾರಿಯಾಗಿದ್ದರೂ ಆರ್.ಟಿ.ಒ. ದಾಖಲೆಯಲ್ಲಿ ಯಾರ ಹೆಸರಿದೆಯೋ ಅವರೇ ಅಪಘಾತದ ಪರಿಹಾರಕ್ಕೆ ಹೊಣೆ ಅಂತ ಸುಪ್ರೀಂ ಕೋರ್ಟು 2018ರಲ್ಲಿ ತೀರ್ಪು ಕೊಟ್ಟಿದೆ. ಸಹಿ ಮಾಡಿದ ಖಾಲಿ ಫಾರಂ ಕೊಟ್ಟು ಕಾರು ಬಿಟ್ಟುಬಂದವರು ಯೋಚಿಸಬೇಕಾದ ಮಾತು.

ನಾಲ್ಕನೆಯ ಕಾರನ್ನು ನಾವು ತೆಗೆದುಕೊಂಡೆವು. ಒಬ್ಬರೇ ಓಡಿಸಿದ್ದು, ಬಿಲ್ಲುಗಳೆಲ್ಲ ಫೈಲಿನಲ್ಲಿ ಜೋಡಿಸಿದ್ದವು. ಬಣ್ಣ ಮಗನಿಗೆ ಬೇಕಾದ ಕೆಂಪಲ್ಲ, ಬೂದು. ಎಡ ಬಾಗಿಲಿಗೆ ಗೀರು. ಬೆಲ್ಟು ಸ್ವಚ್ಛ, ದೀಪ ಹತ್ತಿ ಆರಿತು. ಟೈರು ಹಳೆಯದಾಗಿದ್ದರಿಂದ ಬೆಲೆ ಇಳಿಸಿಕೊಂಡು, ಉಳಿಸಿಟ್ಟ ಹಣದಲ್ಲಿ ನಾಲ್ಕೂ ಹೊಸದು ಹಾಕಿಸಿದೆವು.

ಜೋರಿನ ಕಾರು ಬೇಡವೇ ಬೇಡ ಅಂತ ಹಟ ಹಿಡಿದರೆ ವಯಸ್ಸಿಗೆ ಬಂದ ಮಕ್ಕಳು ನಮಗೆ ಹೇಳದೆ ಕೊಂಡಾರು. ಜೊತೆಗೆ ಹೋದರೆ ನಮ್ಮ ಮಾತಿಗೂ ಬೆಲೆ ಇರುತ್ತದೆ, ಹಿಂದಿನ ಸೀಟಿನವರೂ ಬೆಲ್ಟು ಹಾಕಬೇಕು ಅನ್ನುವ ಷರತ್ತಿಗೂ ಒಪ್ಪುತ್ತಾರೆ. ಕಾರು ಬಂದ ದಿನ ಚಕ್ರದ ಕೆಳಗೆ ನಿಂಬೆಹಣ್ಣು ಇಡಿ, ಕಾಯಿ ಒಡೆಯಿರಿ, ಸಂತೋಷಪಡಿ. ಆದರೆ ಆರ್.ಸಿ. ನಿಮ್ಮವರ ಹೆಸರಿಗೆ ಬರುವವರೆಗೆ ಕೆಲಸ ಮುಗಿಯಿತು ಅಂತ ಕೂರಬೇಡಿ. ಅದು ಕೈಗೆ ಬಂದ ದಿನವೇ ಆ ಕಾರು ನಿಮ್ಮದು.